ಮೊಮ್ಮಗನ ಹೈಸ್ಕೂಲಿನ ಗುಡ್ಡಗಾಡು ಓಟದ ತಂಡ: ನಿವೃತ್ತ ಪಿ.ಟಿ. ಮೇಷ್ಟ್ರ ವಿಮರ್ಶೆ

ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಮನೆ ಬದಲಾಯಿಸುವ ನಮ್ಮವರು ಶಾಲೆಗಳ ಬಗ್ಗೆ ಕೇಳುವುದು ಎರಡೇ ಪ್ರಶ್ನೆ. ಹತ್ತಕ್ಕೆ ರೇಟಿಂಗ್ ಎಷ್ಟು? ಗಣಿತ ಹೇಗೆ ಹೇಳಿಕೊಡ್ತಾರೆ? ಎರಡಕ್ಕೂ ನನ್ನ ಹತ್ತಿರ ಉತ್ತರವಿಲ್ಲ. ತಿಪಟೂರು ಕಡೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕನಾಗಿ ಸರ್ವಿಸ್ ಮುಗಿಸಿದವನು ನಾನು. ಯಾವ ಶಾಲೆಗೆ ಹೋದರೂ ಮೊದಲು ನೋಡುವುದು ಮೈದಾನ, ಆಮೇಲೆ ಆ ಮೈದಾನದಲ್ಲಿ ವಿಷಲ್ ಹಿಡಿದು ನಿಂತವರನ್ನು. ಆದ್ದರಿಂದ ಇಲ್ಲಿ ವಿಮರ್ಶೆ ಮಾಡುತ್ತಿರುವುದು ಶಾಲೆಯ ಕ್ರಾಸ್ ಕಂಟ್ರಿ ತಂಡವನ್ನು ಮಾತ್ರ. 2025ರ ಆಗಸ್ಟ್‌ನಿಂದ ಸೀಸನ್ ಮುಗಿಯುವವರೆಗೂ ಮಗಳ ಮನೆಯಲ್ಲಿದ್ದೆ, ಹೆಚ್ಚುಕಡಿಮೆ ಪ್ರತಿ ಸಂಜೆ ಮೈದಾನದ ಬೇಲಿ ಪಕ್ಕ ನಿಂತಿದ್ದೆ.

ಶಾಲೆಯ ಹೆಸರು ಹಾಕುವುದಿಲ್ಲ. ಸಾಂತಾ ಕ್ಲಾರಾ ಕೌಂಟಿಯ ಒಂದು ಸರ್ಕಾರಿ ಹೈಸ್ಕೂಲು ಅಂದುಕೊಳ್ಳಿ. ಮೊಮ್ಮಗನಿಗೆ ಹದಿನೈದು ವರ್ಷ, ಇನ್ನೂ ಅಲ್ಲೇ ಓದಬೇಕು. ಬರೆಯಲು ಅವನೇ ಒಪ್ಪಿಗೆ ಕೊಟ್ಟ. ಬರೆದದ್ದನ್ನು ಮಗಳು ಓದಿ ಹೇಳಿದಾಗ ಅವನು ಎರಡು ಕಡೆ ಕತ್ತರಿ ಹಾಕಿಸಿದ. ಅದೂ ನ್ಯಾಯವೇ.

ಅವನು ಟ್ರಾನ್ಸ್ ಹುಡುಗ. ಹುಟ್ಟಿದಾಗ ಆಸ್ಪತ್ರೆಯ ಕಾಗದದಲ್ಲಿ ಹೆಣ್ಣು ಎಂದಿತ್ತು. ತಾನು ಹುಡುಗ ಅಂತ ಅಪ್ಪ ಅಮ್ಮನಿಗೆ ಹೇಳಿದ್ದು ಮಿಡಲ್ ಸ್ಕೂಲಿನಲ್ಲಿ, ನನಗೆ ಹೇಳಿದ್ದು ವಿಡಿಯೊ ಕಾಲ್‌ನಲ್ಲಿ, ಅವನ ಅಜ್ಜಿಗೆ ಅದಕ್ಕೂ ಮುಂಚೆ. ಮನೆಯೊಳಗಿನ ಮಾತು ಇಷ್ಟು ಸಾಕು. ಡಾಕ್ಟರ ವಿಷಯ ಅವನದು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆಗ ಅವರಿದ್ದದ್ದು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಸುತ್ತಮುತ್ತ. ಅಲ್ಲಿ 2021ರಲ್ಲಿ ಎಚ್.ಬಿ. 25 ಅಂತ ಒಂದು ಕಾನೂನು ಮಾಡಿದರು, 2022ರ ಜನವರಿಯಿಂದ ಜಾರಿಯಲ್ಲಿದೆ. ಹುಟ್ಟಿದ ಹೊತ್ತಿನ ಜನನ ಪ್ರಮಾಣಪತ್ರದಲ್ಲಿ ಏನಿದೆಯೋ ಅದೇ ವಿಭಾಗದಲ್ಲಿ ಮಗು ಆಡಬೇಕು. ಆಮೇಲೆ ತಿದ್ದಿಸಿದ ಪ್ರಮಾಣಪತ್ರ ಲೆಕ್ಕಕ್ಕಿಲ್ಲ. ಅಲ್ಲಿಗೆ ಮೊಮ್ಮಗನಿಗೆ ಉಳಿದದ್ದು ಎರಡು ದಾರಿ: ಹುಡುಗಿಯರ ತಂಡದಲ್ಲಿ ಓಡುವುದು, ಇಲ್ಲವೇ ಓಡದೆ ಇರುವುದು. ಒಂದು ಸೀಸನ್ ಓಡಿದ. ಮೊದಲ ಹತ್ತರೊಳಗೆ ಬಂದು ಪದಕವನ್ನೂ ತಂದ. ಪದಕ ಕಾರಿನ ಡಿಕ್ಕಿಯಲ್ಲೇ ಉಳಿಯಿತು, ಮನೆಯೊಳಗೆ ಬರಲಿಲ್ಲ.

ಇದೇ ಟೆಕ್ಸಾಸ್‌ನಲ್ಲಿ, ಈ ಕಾನೂನಿಗೂ ಮುಂಚೆ, ಮ್ಯಾಕ್ ಬೆಗ್ಸ್ ಎಂಬ ಕುಸ್ತಿಪಟುವಿನ ಪ್ರಕರಣ ನಡೆದಿತ್ತು. ಟ್ರಾನ್ಸ್ ಹುಡುಗ, ಟೆಸ್ಟೋಸ್ಟೆರಾನ್ ಚಿಕಿತ್ಸೆಯಲ್ಲಿದ್ದವನು. ನನ್ನನ್ನು ಹುಡುಗರ ಜೊತೆ ಆಡಿಸಿ ಅಂತ ಕೇಳಿದ. ಜನನ ಪ್ರಮಾಣಪತ್ರ ತೋರಿಸಿ ಹುಡುಗಿಯರ ವಿಭಾಗಕ್ಕೇ ಕಳಿಸಿದರು. 2017ರಲ್ಲೂ 2018ರಲ್ಲೂ 110 ಪೌಂಡ್ ವಿಭಾಗದಲ್ಲಿ ರಾಜ್ಯ ಚಾಂಪಿಯನ್ ಆದ, ಜನ ಅವನನ್ನೇ ಹೀಯಾಳಿಸಿದರು. ತೀರ್ಪುಗಾರನಾಗಿ ಅಖಾಡದ ಪಕ್ಕ ಕೂತು ಅಭ್ಯಾಸವಿರುವ ನನಗೆ ಅದು ತಮಾಷೆಯಂತೆ ಕಾಣಲಿಲ್ಲ. ಎದುರಿಗಿದ್ದ ಹುಡುಗಿಯರಿಗೂ ಅನ್ಯಾಯ, ಆ ಹುಡುಗನಿಗೂ ಅನ್ಯಾಯ. ಫೈಲು ಮಾತ್ರ ಸರಿಯಾಗಿತ್ತು.

ಅಳಿಯನಿಗೆ ಸ್ಯಾನ್ ಹೋಸೆ ಕಡೆ ಕೆಲಸ ಸಿಕ್ಕಿದಾಗ ಮನೆ ಬಾಡಿಗೆ ನೋಡಿ ಎದೆ ಒಡೆಯಿತಂತೆ, ಆದರೂ ಬಂದರು. ಕ್ಯಾಲಿಫೋರ್ನಿಯಾದಲ್ಲಿ ಕಾನೂನು ಉಲ್ಟಾ. 2013ರಲ್ಲಿ ಎ.ಬಿ. 1266 ಪಾಸಾಯಿತು, 2014ರ ಜನವರಿ 1ರಿಂದ ಜಾರಿ. ಶಾಲೆಯ ದಾಖಲೆಯಲ್ಲಿ ಯಾವ ಲಿಂಗ ನಮೂದಾಗಿದ್ದರೂ ವಿದ್ಯಾರ್ಥಿ ತನ್ನನ್ನು ತಾನು ಏನೆಂದು ಗುರುತಿಸಿಕೊಳ್ಳುತ್ತಾನೋ ಆ ತಂಡದಲ್ಲಿ ಆಡಬಹುದು, ಆ ಬಟ್ಟೆ ಬದಲಿಸುವ ಕೋಣೆ ಬಳಸಬಹುದು. ಕಾನೂನು ಬಾಗಿಲು ತೆಗೆಸಬಹುದು ಅಷ್ಟೆ, ಒಳಗೆ ಕರೆದು ಕೂರಿಸುವುದು ಅದರ ಕೈಲಾಗದ ಕೆಲಸ. ನಾನು ನೋಡಬೇಕೆಂದಿದ್ದದ್ದು ಆ ಕೆಲಸವನ್ನು.

ಸೇರುವ ವಿಧಾನ ಸುಲಭ, ಆದರೆ ಕಾಗದ ಬಹಳ. ಡಾಕ್ಟರ ದೈಹಿಕ ತಪಾಸಣೆ ವರ್ಷಕ್ಕೊಮ್ಮೆ ಕಡ್ಡಾಯ. ತಲೆಗೆ ಪೆಟ್ಟು ಬಿದ್ದರೆ ಏನು ಮಾಡಬೇಕು, ಓಡುವಾಗ ಹೃದಯ ನಿಂತರೆ ಏನು ಲಕ್ಷಣ ಅಂತ ಬರೆದ ಹಾಳೆಗಳಿಗೆ ತಂದೆತಾಯಿ ಸಹಿ ಹಾಕಬೇಕು. ಆ ಹಾಳೆಗಳನ್ನು ಓದಿಸಿಕೊಂಡು ಕೇಳಿದೆ, ಬಹಳ ಚೆನ್ನಾಗಿವೆ. ನಮ್ಮ ಕಡೆ ಬಿಸಿಲಿಗೆ ಮಗು ಕುಸಿದರೆ ಗ್ಲೂಕೋಸ್ ಕಲಸಿ ಕುಡಿಸುವುದೊಂದೇ ಗೊತ್ತಿದ್ದ ವಿದ್ಯೆ. ಬೇರೆ ಶಾಲೆಯಿಂದ ಬಂದ ಮಕ್ಕಳನ್ನು ಕೆಲವು ಸಲ ಸ್ವಲ್ಪ ಕಾಲ ಆಡಿಸದೆ ಕೂರಿಸುತ್ತಾರೆ, ಆದರೆ ಮನೆಯವರೆಲ್ಲ ನಿಜವಾಗಿಯೂ ಊರು ಬಿಟ್ಟು ಬಂದಿದ್ದರೆ ಆ ತೊಂದರೆಯಿಲ್ಲ. ಬಾಡಿಗೆ ಕರಾರು, ಕರೆಂಟ್ ಬಿಲ್ಲು ಕೈಗೆ ಸಿಗುವಂತೆ ಇಟ್ಟುಕೊಳ್ಳಿ.

ದುಡ್ಡಿನ ವಿಷಯ. ಇಲ್ಲಿನ ಸರ್ಕಾರಿ ಶಾಲೆ ತಂಡಕ್ಕೆ ಸೇರಲು ಶುಲ್ಕ ಕೇಳುವಂತಿಲ್ಲ, ಅದೂ ಕಾನೂನೇ. ಆದರೆ ಬೂಸ್ಟರ್ ಕ್ಲಬ್ ಅಂತ ಪೋಷಕರದೇ ಒಂದು ಸಂಘ ಇರುತ್ತದೆ, ಅವರು ‘ದೇಣಿಗೆ’ ಕೇಳುತ್ತಾರೆ. ಕೊಡದಿದ್ದರೂ ಮಗುವನ್ನು ಬಿಡುವಂತಿಲ್ಲ. ಅಳಿಯ ಕೊಟ್ಟ. ಬಸ್ಸು, ಟೆಂಟು, ನೀರಿನ ಡ್ರಮ್ಮು ಎಲ್ಲ ಅದರಲ್ಲೇ ನಡೆಯುತ್ತದೆ ಅಂದಮೇಲೆ ನನಗೂ ಸರಿ ಅನ್ನಿಸಿತು. ಬೂಟು ಮಾತ್ರ ನಮ್ಮದೇ, ಅದರಲ್ಲಿ ಜಿಪುಣತನ ಬೇಡ.

ಈಗ ಕೋಚ್. ಹಗಲು ಇತಿಹಾಸ ಪಾಠ ಮಾಡುವ ಮೇಷ್ಟ್ರು, ಸಂಜೆ ಕೋಚ್. ಐವತ್ತರ ಆಸುಪಾಸಿನ ಹೆಂಗಸು, ಮೊಣಕಾಲಿಗೆ ಪಟ್ಟಿ, ಕುತ್ತಿಗೆಯಲ್ಲಿ ಎರಡು ಸ್ಟಾಪ್‌ವಾಚ್. ಮೊದಲ ದಿನ ಮಗಳು ಅವರನ್ನು ಪಕ್ಕಕ್ಕೆ ಕರೆದು ಎಲ್ಲವನ್ನೂ ವಿವರಿಸಲು ಹೊರಟಳು, ಟೆಕ್ಸಾಸ್‌ನಿಂದ ಹೊತ್ತು ತಂದ ಫೈಲು ಸಮೇತ. ಆಯಮ್ಮ ಕೇಳಿದ್ದು ಮೂರು ಮಾತು: ಯಾವ ಹೆಸರಿಂದ ಕರೆಯಲಿ, ಬೇಸಿಗೆಯಲ್ಲಿ ವಾರಕ್ಕೆ ಎಷ್ಟು ಮೈಲಿ ಓಡಿದ್ದಾನೆ, ಆಸ್ತಮಾ ಇದೆಯೇ. ಫೈಲು ಮುಚ್ಚಿಕೊಂಡೇ ಮಗಳು ವಾಪಸು ಬಂದಳು.

ಬಟ್ಟೆಯ ವಿಷಯದಲ್ಲೂ ಹಾಗೆಯೇ ನಡೆದುಕೊಂಡರು. ತಂಡದ ಬನಿಯನ್ ತೋಳಿಲ್ಲದ್ದು, ಕಂಕುಳು ಅಗಲ. ಮೊಮ್ಮಗನಿಗೆ ಅದು ಸಂಕಟ. ಕೋಚ್ ಅವನೊಬ್ಬನನ್ನೇ ಕರೆದು ವಿನಾಯಿತಿ ಕೊಡಲಿಲ್ಲ. ಬೇಕಾದವರು ಒಳಗೆ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಳ್ಳಬಹುದು ಅಂತ ಇಡೀ ತಂಡಕ್ಕೆ ಹೇಳಿದರು. ಸಣಕಲು ಮೈಯಿಗೆ ನಾಚುವ ಇನ್ನೂ ನಾಲ್ಕಾರು ಹುಡುಗರು ಹಾಕಿಕೊಂಡು ಬಂದರು. ಎದೆ ಬಿಗಿಯುವ ಬೈಂಡರ್ ತೊಟ್ಟು ಓಡಬಾರದು ಅನ್ನುವುದು ಮಾತ್ರ ಖಡಾಖಂಡಿತ, ಉಸಿರಿಗೆ ಅಪಾಯ. ಓಡುವಾಗ ಸರಿಯಾದ ಅಳತೆಯ ಸ್ಪೋರ್ಟ್ಸ್ ಬ್ರಾ ಸಾಕು. ಇದನ್ನು ನಾನೇ ಹೇಳಬೇಕೆಂದಿದ್ದೆ, ಕೋಚ್ ಮಗಳಿಗೆ ಮೊದಲೇ ಹೇಳಿಯಾಗಿತ್ತು. ಇಂಥ ಮಕ್ಕಳ ಮನೆಯವರು ಇದೊಂದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಿ.

ನಾನೂ ಸಹಾಯ ಮಾಡುತ್ತೇನೆ, ಕೋನ್ ಇಡುತ್ತೇನೆ, ಟೈಮ್ ಬರೆಯುತ್ತೇನೆ ಅಂದೆ. ಸ್ವಯಂಸೇವಕರಾಗಲು ಬೆರಳಚ್ಚು ಕೊಡಬೇಕು, ಕ್ಷಯ ರೋಗದ ತಪಾಸಣೆಯ ಕಾಗದ ತರಬೇಕು ಅಂದರು. ಸಾವಿರಾರು ಮಕ್ಕಳನ್ನು ಓಡಿಸಿದವನಿಗೆ ಕೆಮ್ಮು ಇದೆಯಾ ಅಂತ ಕೇಳುತ್ತಾರಲ್ಲ ಅಂತ ಒಂದು ಕ್ಷಣ ಮೂಗಿನ ತುದಿಗೆ ಬಂತು. ಆದರೆ ಮಕ್ಕಳಿರುವ ಜಾಗಕ್ಕೆ ಯಾರಾದರೂ ಹಾಗೇ ನುಗ್ಗಲು ಬಿಡದಿರುವುದು ಒಳ್ಳೆಯದೇ. ಬೇಲಿ ಆಚೆಗೇ ನಿಂತೆ.

ಬೇಲಿ ಆಚೆಯಿಂದ ಕಂಡದ್ದರಲ್ಲಿ ನನಗೆ ಮುಖ್ಯವೆನಿಸಿದ್ದು ಸೆಪ್ಟೆಂಬರ್‌ನಲ್ಲಿ ನಡೆದ ಒಂದು ಸಣ್ಣ ಗಲಾಟೆ. ಅವತ್ತು ನಿಧಾನ ಓಟದ ದಿನ, ಗುಂಪು ಗುಂಪಾಗಿ ರಸ್ತೆ ಮೇಲೆ ಐದು ಮೈಲಿ. ಮೊಮ್ಮಗನಿದ್ದ ಹಿಂದಿನ ಗುಂಪಿನ ಐದು ಜನ ದಾರಿಯಲ್ಲಿ ಪೆಟ್ರೋಲ್ ಬಂಕಿನ ಅಂಗಡಿಗೆ ನುಗ್ಗಿ, ಬಣ್ಣದ ಐಸ್ ಪಾನಕ ಕುಡಿದು, ಮೈಲಿ ಕದ್ದು, ಬೆವರಿಲ್ಲದೆ ವಾಪಸು ಬಂದರು. ನಾಲಿಗೆ ಎಲ್ಲರದೂ ನೀಲಿ. ಕೋಚ್ ಐದೂ ಜನರನ್ನು ಸಾಲಾಗಿ ನಿಲ್ಲಿಸಿ, ನಾಲಿಗೆ ತೋರಿಸಲು ಹೇಳಿ, ಇಡೀ ತಂಡದೆದುರು ಬೈದರು. ನನ್ನ ಇಂಗ್ಲಿಷಿಗೆ ಅರ್ಧ ನಿಲುಕಿತು, ಇನ್ನರ್ಧ ಅರ್ಥವಾಗಲು ಭಾಷೆ ಬೇಕಿರಲಿಲ್ಲ. ಶಿಕ್ಷೆ: ಎರಡು ವಾರ ನೀರಿನ ಡ್ರಮ್ಮು ತೊಳೆಯುವುದು, ಟೆಂಟು ಮಡಿಸಿ ಹೊರುವುದು.

ಮಗಳಿಗೆ ಕಣ್ಣಲ್ಲಿ ನೀರು. ನಾಳೆ ಹೋಗಿ ಮಾತಾಡ್ತೀನಿ ಅಂದಳು. ‘ಸುಮ್ನಿರು ತಾಯಿ, ಬೈದ್ರೆ ಬೈಲಿ’ ಅಂದೆ. ಟೆಕ್ಸಾಸ್‌ನ ಆ ಶಾಲೆಯಲ್ಲಿ ಅವನನ್ನು ಯಾರೂ ಬೈದಿರಲಿಲ್ಲ. ಎಲ್ಲರೂ ತಗ್ಗಿದ ದನಿಯಲ್ಲಿ, ಒಂದು ಮಾರು ದೂರ ನಿಂತು ಮಾತಾಡುತ್ತಿದ್ದರಂತೆ, ಎಲ್ಲಿ ಏನು ತಪ್ಪಾಗುತ್ತದೋ ಅನ್ನುವ ಹಾಗೆ. ತಡವಾಗಿ ಹೋದರೂ ಕೇಳುವವರಿಲ್ಲ, ಬಿಟ್ಟು ಹೋದರೂ ಕೇಳುವವರಿಲ್ಲ. ಕೋಚಿನ ಕೆಲಸ ಬಲ್ಲವರಿಗೆ ಗೊತ್ತು, ಬೈಯುವುದನ್ನು ಬಿಟ್ಟ ಮಗುವನ್ನು ಮೇಷ್ಟ್ರು ಮನಸ್ಸಿನಲ್ಲಿ ತಂಡದಿಂದ ತೆಗೆದಾಗಿರುತ್ತದೆ. ಇಲ್ಲಿ ಐವರಿಗೂ ಒಂದೇ ಬೈಗುಳ, ಒಂದೇ ಡ್ರಮ್ಮು. ಆ ಎರಡು ವಾರ ಮೊಮ್ಮಗ ಮನೆಗೆ ಬಂದು ಹೇಳುತ್ತಿದ್ದದ್ದು ಬರೀ ಆ ನಾಲ್ವರ ಕಥೆ. ಅದುವರೆಗೆ ಅವನ ಬಾಯಲ್ಲಿ ಗೆಳೆಯರ ಹೆಸರೇ ಬಂದಿರಲಿಲ್ಲ.

ಓಟದ ವಿಷಯಕ್ಕೆ ಬರುತ್ತೇನೆ. ಕ್ರಾಸ್ ಕಂಟ್ರಿ ಲೆಕ್ಕ ಗೊತ್ತಿಲ್ಲದವರಿಗೆ: ಮುಖ್ಯ ಓಟದಲ್ಲಿ ಒಂದು ಶಾಲೆಯಿಂದ ಏಳು ಜನ, ಅದರಲ್ಲಿ ಮೊದಲು ಬಂದ ಐವರ ಸ್ಥಾನ ಕೂಡಿಸುತ್ತಾರೆ. ಕಡಿಮೆ ಮೊತ್ತ ಬಂದ ತಂಡ ಗೆದ್ದಂತೆ. ಮೊದಲ ಐದೂ ಸ್ಥಾನ ಒಂದೇ ತಂಡಕ್ಕೆ ಬಂದರೆ ಹದಿನೈದು. ಆರನೆಯವನು ಏಳನೆಯವನು ಲೆಕ್ಕಕ್ಕಿಲ್ಲದಿದ್ದರೂ ಎದುರು ತಂಡದ ಐದನೆಯವನನ್ನು ಹಿಂದೆ ತಳ್ಳಬಲ್ಲರು. ಅವರ ಕೆಳಗೆ ಜೂನಿಯರ್ ವಾರ್ಸಿಟಿ, ಅಂದರೆ ಜೆ.ವಿ. ಓಟ. ಈ ಶಾಲೆಯ ತಂಡದಲ್ಲಿ ಆಯ್ಕೆ ಅಂತ ಮಾಡಿ ಯಾರನ್ನೂ ಕೈಬಿಡುವುದಿಲ್ಲ. ಅಭ್ಯಾಸಕ್ಕೆ ಬಂದವರೆಲ್ಲ ಓಡುತ್ತಾರೆ.

ಟೆಕ್ಸಾಸ್‌ನಲ್ಲಿ ಮೊದಲ ಹತ್ತರಲ್ಲಿದ್ದವನು ಇಲ್ಲಿ ಹುಡುಗರ ಜೆ.ವಿ. ಓಟದಲ್ಲಿ ಅರ್ಧಕ್ಕಿಂತ ಹಿಂದೆ. ಅವನಿಗೆ ಬೇಜಾರಾಗುತ್ತದೇನೋ ಎಂದು ನೋಡಿದೆ. ಆಗಲಿಲ್ಲ ಎಂದರೆ ಸುಳ್ಳು, ಮೊದಲೆರಡು ಓಟದ ನಂತರ ಊಟ ಬಿಟ್ಟ. ಆಮೇಲೆ ತನ್ನ ಮುಂದಿದ್ದ ಸ್ವಂತ ತಂಡದ ಹುಡುಗನನ್ನೇ ಗುರಿ ಇಟ್ಟುಕೊಂಡ, ಆ ನೀಲಿ ನಾಲಿಗೆಯವರಲ್ಲೊಬ್ಬ.

ಬೆಲ್ಮಾಂಟ್ ಊರಿನ ಕ್ರಿಸ್ಟಲ್ ಸ್ಪ್ರಿಂಗ್ಸ್ ಅನ್ನುವ ಗುಡ್ಡದ ಮೇಲೆ ಇಲ್ಲಿನ ಪ್ರಸಿದ್ಧ ಕೋರ್ಸ್ ಇದೆ, 2.95 ಮೈಲಿ. ಮೂರು ಮೈಲಿ ಮಾಡಲು ಯಾಕೆ ಕೈಬಂದಿಲ್ಲವೋ. ಪೂರಾ ಮಣ್ಣಿನ ದಾರಿ, ಏರು, ಇಳಿಜಾರು, ಮತ್ತೆ ಏರು. ಅಕ್ಟೋಬರಿನ ಒಣ ಧೂಳು ಅರಸೀಕೆರೆ ರಸ್ತೆಯನ್ನು ನೆನಪಿಸಿತು. ಅಲ್ಲಿ ಮೊಮ್ಮಗ ಓಡಿದ್ದು ಇಪ್ಪತ್ತು ನಿಮಿಷ ನಲವತ್ತೊಂದು ಸೆಕೆಂಡ್. ಗುರಿ ಇಟ್ಟುಕೊಂಡ ಹುಡುಗ ನಾಲ್ಕು ಸೆಕೆಂಡ್ ಮುಂದೆ. ಇಬ್ಬರೂ ಗೆರೆ ದಾಟಿ ಒಂದೇ ಜಾಗದಲ್ಲಿ ಬಗ್ಗಿ ವಾಂತಿ ಮಾಡಿದರು. ಆ ಹುಡುಗ ಇವನ ಬೆನ್ನು ತಟ್ಟಿ ಏನೋ ಅಂದ. ಏನಂದ ಅಂತ ಕೇಳಿದ್ದಕ್ಕೆ ಮೊಮ್ಮಗ, ‘ಬರೆಯೋ ಹಾಗಿಲ್ಲ ತಾತ’ ಅಂದ.

ಅಲ್ಲಿ ನನಗೆ ಹಿಡಿಸಿದ್ದು ಇನ್ನೊಂದು. ಎಲ್ಲರೂ ಮುಗಿಸಿ ಬಹಳ ಹೊತ್ತಾದ ಮೇಲೆ ಕೊನೆಯವನೊಬ್ಬ ಕುಂಟಿಕೊಂಡು ಬಂದ. ಗಡಿಯಾರ ಇನ್ನೂ ಓಡುತ್ತಿತ್ತು, ಚೆಸ್ಟ್ ನಂಬರ್ ಬರೆದುಕೊಳ್ಳುವವರು ಕೂತೇ ಇದ್ದರು. ನಮ್ಮ ತಾಲ್ಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ಎಂ.ಎಲ್.ಎ. ಬಹುಮಾನ ವಿತರಣೆಗೆ ಬಂದು ಕೂತಿದ್ದರೆ ಮೂರು ಸಾವಿರ ಮೀಟರಿನ ಕೊನೆಯವರನ್ನು ‘ಸಾಕು ಬಾರೋ’ ಅಂತ ಟ್ರ್ಯಾಕಿನಿಂದ ಹೊರಗೆ ಕರೆಯುವುದು ಮಾಮೂಲು. ಇಲ್ಲಿ ಎಂ.ಎಲ್.ಎ. ಇರಲಿಲ್ಲ, ಅದೊಂದು ಅನುಕೂಲ.

ನಮ್ಮ ಎಂಟ್ರಿ ಫಾರ್ಮ್‌ಗಳಲ್ಲಿ ಬಾಲಕ, ಬಾಲಕಿ, ಎರಡೇ ಕಾಲಂ. ಮೂರನೆಯದು ಬೇಕಾದ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಹುಟ್ಟುವುದೇ ಇಲ್ಲ ಅಂತಲ್ಲ. ಒಂಬತ್ತನೇ ತರಗತಿಯ ಹೊತ್ತಿಗೆ ಶಾಲೆ ಬಿಟ್ಟಿರುತ್ತಾರೆ. ಕರ್ನಾಟಕ ಸರ್ಕಾರ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1 ಮೀಸಲಾತಿ ಕೊಟ್ಟಿದ್ದು ದೊಡ್ಡ ವಿಷಯವೇ. ಆದರೆ ಆ ನೌಕರಿಗೆ ಅರ್ಜಿ ಹಾಕಲು ಎಸ್ಸೆಸ್ಸೆಲ್ಸಿ ದಾಟಬೇಕು, ಅದಕ್ಕೆ ಯಾರಾದರೂ ಅವರನ್ನು ಶಾಲೆಯಲ್ಲಿ ಉಳಿಸಿಕೊಳ್ಳಬೇಕು.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಮೊಮ್ಮಗ ಟ್ರಾನ್ಸ್ ಹುಡುಗಿಯಾಗಿ ಹುಡುಗಿಯರ ಜೊತೆ ಓಡುತ್ತಿದ್ದರೆ ಈ ವಿಮರ್ಶೆ ಇಷ್ಟು ಆರಾಮಾಗಿ ಬರೆಯಲು ಆಗುತ್ತಿರಲಿಲ್ಲ. ಹಿಂದೆ ಬರುವ ಹುಡುಗನ ಬಗ್ಗೆ ಯಾರೂ ತಕರಾರು ಮಾಡುವುದಿಲ್ಲ. 2025ರ ಮೇ ಕೊನೆಯಲ್ಲಿ ಕ್ಲೋವಿಸ್‌ನಲ್ಲಿ ನಡೆದ ಕ್ಯಾಲಿಫೋರ್ನಿಯಾ ರಾಜ್ಯ ಅಥ್ಲೆಟಿಕ್ಸ್ ಕೂಟದಲ್ಲಿ ಒಬ್ಬ ಟ್ರಾನ್ಸ್ ಹುಡುಗಿ ಎತ್ತರ ಜಿಗಿತ, ಟ್ರಿಪಲ್ ಜಂಪ್ ಎರಡರಲ್ಲೂ ಮೊದಲ ಸ್ಥಾನಕ್ಕೆ ಬಂದಳು. ಅದಕ್ಕೂ ಮುಂಚೆಯೇ ರಾಷ್ಟ್ರಪತಿ ಟ್ರಂಪ್ ಅನುದಾನ ನಿಲ್ಲಿಸುವ ಬೆದರಿಕೆ ಹಾಕಿದ್ದರು. ಕ್ರೀಡಾ ಮಂಡಳಿ ಮಧ್ಯದ ದಾರಿ ಹುಡುಕಿ, ಅವಳಿಂದ ಬೇರೆ ಹುಡುಗಿಯರ ಅವಕಾಶ, ಪದಕ ತಪ್ಪದಂತೆ ಸ್ಥಾನಗಳನ್ನು ಹೆಚ್ಚಿಸಿತು. ಪದಕದ ಪೀಠದ ಮೇಲೆ ಒಂದೇ ಮೆಟ್ಟಿಲಲ್ಲಿ ಅವಳ ಜೊತೆ ಬೇರೆ ಹುಡುಗಿಯರೂ ನಿಂತರು. ಜುಲೈನಲ್ಲಿ ಕೇಂದ್ರದ ನ್ಯಾಯ ಇಲಾಖೆ ಕ್ಯಾಲಿಫೋರ್ನಿಯಾದ ಮೇಲೆ ಮೊಕದ್ದಮೆ ಹೂಡಿತು. ಓಟದ ಕೂಟಗಳಲ್ಲಿ ಟೆಂಟಿನ ನೆರಳಿಗೆ ಕೂತ ಪೋಷಕರು ಈ ಬಗ್ಗೆ ಗುಸುಗುಸು ಮಾತಾಡುವುದು ನನ್ನ ಕಿವಿಗೂ ಬಿದ್ದಿದೆ, ಅದರಲ್ಲಿ ನಮ್ಮ ಭಾರತೀಯರೂ ಇದ್ದರು.

ಜೈವಿಕ ಅನುಕೂಲದ ಪ್ರಶ್ನೆ ಪೊಳ್ಳು ಅಂತ ನಾನು ಹೇಳುವುದಿಲ್ಲ. ಜೀವನವಿಡೀ ಸ್ಟಾಪ್‌ವಾಚ್ ಹಿಡಿದವನು ಹಾಗೆ ಹೇಳಿದರೆ ನಂಬಬೇಡಿ. ದೊಡ್ಡವರ ಅಂತರರಾಷ್ಟ್ರೀಯ ಕೂಟಕ್ಕೆ ಒಂದು ನಿಯಮ ಬೇಕಾಗಬಹುದು. ಆದರೆ ಮಕ್ಕಳ ದೇಹವನ್ನು ಅನುಮಾನಿಸಲು ಶುರುಮಾಡಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ನಮಗೆ ಗೊತ್ತಿರಬೇಕು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ತಮಿಳುನಾಡಿನ ಶಾಂತಿ ಸೌಂದರರಾಜನ್ 800 ಮೀಟರಿನಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಅವರು ಟ್ರಾನ್ಸ್ ಅಲ್ಲ, ಹೆಣ್ಣಾಗಿಯೇ ಬೆಳೆದವರು. ಇಡೀ ದೇಶದ ಟಿ.ವಿ.ಯಲ್ಲಿ ಅವರ ದೇಹದ ಚರ್ಚೆ ಆಯಿತು. ಆಗ ಸ್ಟಾಫ್ ರೂಮಿನಲ್ಲಿ ನಡೆದ ಮಾತುಗಳನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಹದಿನೈದು ವರ್ಷದವರ ಜೆ.ವಿ. ಓಟಕ್ಕೆ ಅಂಥದ್ದೆಲ್ಲ ಬೇಕೇ?

ಕೊರತೆಗಳು. ಮೊದಲನೆಯದು ಕಂಪ್ಯೂಟರು. ಶಾಲೆಯ ಹಾಜರಿ ಪಟ್ಟಿಯಲ್ಲಿ ಅವನ ಈಗಿನ ಹೆಸರೇ ಇದೆ, ಆದರೆ ಓಟದ ನೋಂದಣಿ ಮಾಡುವ ಸಾಫ್ಟ್‌ವೇರ್ ಬೇರೆ. ಒಂದು ಕೂಟದಲ್ಲಿ ಹಳೆಯ ಹೆಸರು ಫಲಿತಾಂಶದ ಪಟ್ಟಿಯಲ್ಲಿ, ಹುಡುಗರ ವಿಭಾಗದಲ್ಲಿ, ಇಡೀ ಲೋಕಕ್ಕೆ ಕಾಣುವಂತೆ ಬಂತು. ತಂಡದ ನಾಯಕ, ಹನ್ನೆರಡನೇ ತರಗತಿಯ ಹುಡುಗ, ಬಸ್ಸಿನಲ್ಲಿ ಮೊದಲು ನೋಡಿದವನು. ಯಾರಿಗೂ ತೋರಿಸದೆ ನೇರ ಕೋಚ್ ಹತ್ತಿರ ಹೋದ. ಬಸ್ಸು ಶಾಲೆ ಮುಟ್ಟುವ ಹೊತ್ತಿಗೆ ಸರಿಯಾಗಿತ್ತು. ಚೆನ್ನಾಗಿ ನಿಭಾಯಿಸಿದರು, ಒಪ್ಪುತ್ತೇನೆ, ಆದರೆ ನಿಭಾಯಿಸುವ ಪ್ರಸಂಗವೇ ಬರಬಾರದಿತ್ತು. ಹೊಸದಾಗಿ ಸೇರುವವರು ಆಗಸ್ಟ್‌ನಲ್ಲೇ ಕೂತು ಎರಡೂ ಕಡೆ ಹೆಸರು ನೋಡಿಕೊಳ್ಳಿ.

ಎರಡನೆಯದು ತಿಂಡಿ. ತಂಡಕ್ಕೆಂದು ನಾನು ತಂದ ಕಡಲೆಕಾಯಿ ಮಿಠಾಯಿಯನ್ನು ಟೆಂಟಿನೊಳಗೆ ಬಿಡಲಿಲ್ಲ. ಯಾರಿಗೋ ಅಲರ್ಜಿ. ಇದು ದೂರಲ್ಲ, ಎಚ್ಚರಿಕೆ. ಮುಂದಿನ ವಾರ ಅಜ್ಜಿ ಪುರಿ ಉಂಡೆ ಕಟ್ಟಿ ಕಳಿಸಿದಳು, ಡಬ್ಬ ನೆಕ್ಕಿ ವಾಪಸು ಬಂತು.

ಮೂರನೆಯದು ನಿಜವಾದ ದೂರು. ಹುಡುಗರ ಕೋಣೆಯಲ್ಲಿ ಬಟ್ಟೆ ಬದಲಿಸುವ ಹಕ್ಕು ಕಾನೂನಿನಲ್ಲಿ ಇದೆ, ಆದರೆ ಮೊಮ್ಮಗನಿಗೆ ಸದ್ಯಕ್ಕೆ ಬಾಗಿಲು ಹಾಕಿಕೊಳ್ಳುವ ಒಂಟಿ ಕೋಣೆಯೇ ಇಷ್ಟ. ಎಲ್ಲರಿಗೂ ಮುಕ್ತವಾದ ಒಂದು ಶೌಚಾಲಯವನ್ನು 2026ರ ಜುಲೈ 1ರೊಳಗೆ ಪ್ರತಿ ಶಾಲೆಯೂ ಒದಗಿಸಬೇಕು ಅಂತ ರಾಜ್ಯದ ಕಾನೂನು ಹೇಳುತ್ತದೆ. ಈ ಶಾಲೆ ಗಡುವಿಗೂ ಮುಂಚೆ ಮಾಡಿದೆ, ಶಹಬ್ಬಾಸ್. ಆದರೆ ಅದಿರುವುದು ಆಫೀಸು ಕಟ್ಟಡದಲ್ಲಿ, ಸಂಜೆ ನಾಲ್ಕಕ್ಕೆ ಜಾಡಮಾಲಿ ಬೀಗ ಹಾಕಿಕೊಂಡು ಹೋಗುತ್ತಾನೆ. ಅಭ್ಯಾಸ ಮುಗಿಯುವುದು ಐದೂವರೆಗೆ. ನಾಲ್ಕರ ನಂತರ ಆ ಕೋಣೆ ಬರೀ ಗೋಡೆಯ ಮೇಲಿನ ಬೋರ್ಡು. ಮೊಮ್ಮಗ ಒದ್ದೆ ಬಟ್ಟೆಯಲ್ಲೇ ಕಾರು ಹತ್ತುತ್ತಾನೆ, ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದಾನೆ. ಓಟಗಾರ ನೀರು ಕುಡಿಯಲು ಹಿಂಜರಿಯುವುದು ಸಣ್ಣ ವಿಷಯವಲ್ಲ.

ಅಂಕ: ಐದಕ್ಕೆ ನಾಲ್ಕು. ತರಬೇತಿಗೆ ಪೂರ್ತಿ ಅಂಕ, ವಾರಕ್ಕೆ ಹದಿನೆಂಟು ಗಂಟೆ ಮೀರಬಾರದು ಅನ್ನುವ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ, ಮಂಡಿ ನೋವು ಅಂದವರನ್ನು ಓಡಿಸುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಮುಂಚೆ ಶಾಲೆ ಶುರುವಾಗುವುದಿಲ್ಲವಾದ್ದರಿಂದ ಮಕ್ಕಳಿಗೆ ನಿದ್ದೆಯೂ ಸಿಗುತ್ತದೆ. ಪದಕ ಬೇಕೇ ಬೇಕು ಅನ್ನುವವರು ಬೇರೆ ಶಾಲೆ ನೋಡಿಕೊಳ್ಳಿ, ಈ ತಂಡ ಲೀಗಿನಲ್ಲಿ ಮಧ್ಯಮ. ಕಂಪ್ಯೂಟರಿಗೆ ಅರ್ಧ, ಬೀಗಕ್ಕೆ ಅರ್ಧ ಕಳೆದಿದ್ದೇನೆ. ಬೀಗದ ಬಗ್ಗೆ ಮಗಳು ಪ್ರಿನ್ಸಿಪಾಲರಿಗೆ ಇ-ಮೇಲ್ ಹಾಕಿದ್ದಾಳೆ, ಕೋಚ್ ಕೂಡ ಸಹಿ ಹಾಕಿದ್ದಾರೆ. ಕೀಲಿ ಕೋಚ್ ಕೈಗೆ ಬಂದ ದಿನ ನಾಲ್ಕನ್ನು ನಾಲ್ಕೂವರೆ ಮಾಡುತ್ತೇನೆ.